ಪಿಜ್ಜಾ ತಿಂದ್ರೆ ಆರೋಗ್ಯ ಕೆಡ್ತದಾ? ರೊಟ್ಟಿ ಉಣ್ಣೋ ನಾಡಿನ ತಟ್ಟೆಯಲ್ಲಿ ಅದಕ್ಕೆ ಜಾಗ ಎಷ್ಟು

ಮಾಣಿಕನಗರ (ಹುಮನಾಬಾದ್): ಒಂದು ಕಾಲಕ್ಕೆ ಪಿಜ್ಜಾ ಅಂದ್ರೆ ಹೈದರಾಬಾದ್‌ಗೋ ಸೋಲಾಪುರಕ್ಕೋ ಹೋದಾಗ ಮಕ್ಕಳಿಗೆ ಕೊಡಿಸುವ ತಿನಿಸು. ಈಗ ಹಾಗಿಲ್ಲ. ತಾಲ್ಲೂಕು ಕೇಂದ್ರಗಳ ಬೇಕರಿಗಳಲ್ಲಿ ಪಫ್, ದಿಲ್‌ಪಸಂದ್ ಜೊತೆಗೇ ಪಿಜ್ಜಾದ ಬೋರ್ಡೂ ತೂಗುತ್ತದೆ. ಸಂಜೆ ಟ್ಯೂಷನ್ ಬಿಟ್ಟ ಹುಡುಗರು, ಹುಟ್ಟುಹಬ್ಬದ ಪಾರ್ಟಿ ಕೊಡಿಸುವ ಕಾಲೇಜು ಗೆಳೆಯರು, ಪ್ರಭು ದರ್ಶನ ಮುಗಿಸಿ ಊರಿಗೆ ಮರಳುವ ಕುಟುಂಬಗಳು, ಎಲ್ಲರೂ ಗಿರಾಕಿಗಳೇ. ಮನೆಯಲ್ಲಿ ಮಾತ್ರ ಜಗಳ ತಪ್ಪಿದ್ದಲ್ಲ. ಅಜ್ಜಿ "ಅದು ಮೈದಾ, ಹೊಟ್ಟ್ಯಾಗ ಅಂಟ್ತದ" ಅಂತಾಳೆ. ಮೊಮ್ಮಗ "ಮ್ಯಾಲ ತರಕಾರಿ ಅದ, ಚೀಸ್ ಅದ, ಎಲ್ಲಾ ಪ್ರೋಟೀನೇ" ಅಂತಾನೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ, ಸ್ವಲ್ಪ ಉತ್ಪ್ರೇಕ್ಷೆಯೂ ಇದೆ.

ಮೊದಲು ಅಜ್ಜಿಯ ಮಾತು. ಮೈದಾ ಕರುಳಿಗೆ ಅಂಟಿಕೊಂಡು ಕೂಡ್ತದೆ ಅನ್ನುವುದು ವಾಟ್ಸಾಪ್‌ನಲ್ಲಿ ಬಹಳ ಓಡಾಡುವ ಮಾತು. ಅದು ನಿಜವಲ್ಲ. ಮೈದಾ ಕೂಡ ಗೋಧಿಯೇ. ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ, ಅದೂ ಬಹಳ ಬೇಗ. ತೊಂದರೆ ಇರುವುದೇ ಆ 'ಬಹಳ ಬೇಗ' ಅನ್ನುವುದರಲ್ಲಿ. ಗೋಧಿಯ ಹೊಟ್ಟು, ಮೊಳಕೆ ಭಾಗ ಎರಡನ್ನೂ ತೆಗೆದು ಬರೀ ಪಿಷ್ಟದ ಭಾಗ ಉಳಿಸಿದ್ದರಿಂದ ನಾರು ಹೋಗಿರುತ್ತದೆ. ನಾರಿಲ್ಲದ ಪಿಷ್ಟ ರಕ್ತದಲ್ಲಿ ಸಕ್ಕರೆಯನ್ನು ತಟ್ಟನೆ ಏರಿಸುತ್ತದೆ, ಹಸಿವೂ ಬೇಗ ಮರಳುತ್ತದೆ.

ಲೆಕ್ಕ ಹೇಳುವವರು ದೂರದವರೇನಲ್ಲ. ಹುಮನಾಬಾದ್ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪೂರ್ವಕ್ಕೆ ಸಾಗಿದರೆ ಸಿಗುವ ಹೈದರಾಬಾದ್‌ನಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ನಮ್ಮ ದೇಶದ ಆಹಾರಗಳಲ್ಲಿ ಏನೇನು ಎಷ್ಟಿದೆ ಅನ್ನುವ ಕೋಷ್ಟಕವನ್ನು ಈ ಸಂಸ್ಥೆ 2017ರಲ್ಲಿ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಮೈದಾದಲ್ಲಿ ನಾರಿನಂಶ 3 ಗ್ರಾಂಗಿಂತ ಕಡಿಮೆ. ಅಷ್ಟೇ ತೂಕದ ಜೋಳದಲ್ಲಿ ಸುಮಾರು 10 ಗ್ರಾಂ, ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ. ಪ್ರೋಟೀನ್ ಮಾತ್ರ ಮೂರರಲ್ಲೂ ಹೆಚ್ಚುಕಡಿಮೆ 10 ಗ್ರಾಂ. ಅಂದರೆ ಮೈದಾದಲ್ಲಿ ವಿಷ ಸೇರಿದೆ ಅಂತಲ್ಲ, ಇರಬೇಕಾದದ್ದು ಹೋಗಿದೆ ಅಂತ.

ಪಿಜ್ಜಾ ಅಂದ್ರೆ ಮೂಲದಲ್ಲಿ ಏನು

ಇಟಲಿಯ ನೇಪಲ್ಸ್ ಅನ್ನುವ ಬಂದರು ಊರಿನಲ್ಲಿ ಇದು ಬಡವರ ಊಟವಾಗಿತ್ತು. ಹುದುಗಿಸಿದ ಹಿಟ್ಟು, ಮೇಲೆ ಟೊಮೆಟೊ, ಕೈಗೆಟುಕಿದರೆ ಒಂದಿಷ್ಟು ಚೀಸ್, ಎರಡು ಎಲೆ ತುಳಸಿ ಜಾತಿಯ ಸೊಪ್ಪು. ಕಟ್ಟಿಗೆ ಒಲೆಯ ಗೂಡಿನಲ್ಲಿ ಒಂದೆರಡು ನಿಮಿಷದಲ್ಲಿ ಬೇಯುತ್ತದೆ. ಆ ಊರಿನವರ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತಕ್ಕೆ ದೊಡ್ಡ ಕಂಪನಿಗಳ ಪಿಜ್ಜಾ ಬಂದದ್ದು 1996ರಲ್ಲಿ. ಡೊಮಿನೋಸ್ ದೆಹಲಿಯಲ್ಲಿ, ಪಿಜ್ಜಾ ಹಟ್ ಬೆಂಗಳೂರಿನಲ್ಲಿ ಮೊದಲ ಅಂಗಡಿ ತೆರೆದವು.

ಹೀಗೆ ನೋಡಿದರೆ ಪಿಜ್ಜಾದ ಕಟ್ಟು ನಮಗೆ ಹೊಸದೇನಲ್ಲ. ರೊಟ್ಟಿ ಇದೆ, ಪಲ್ಯ ಇದೆ, ಹಾಲಿನ ಪದಾರ್ಥ ಇದೆ. ಜೋಳದ ರೊಟ್ಟಿ ಮೇಲೆ ಬದನೆಕಾಯಿ ಪಲ್ಯ ಹಾಕಿ, ಬದಿಗೆ ಕೆನೆಮೊಸರು, ಶೇಂಗಾ ಹಿಂಡಿ ಇಟ್ಟುಕೊಂಡು ಹೊಲದ ಬದುವಿನ ಮೇಲೆ ಉಣ್ಣುವ ರೈತ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸ ಇರುವುದು ಯಾವುದು ಎಷ್ಟು ಅನ್ನುವುದರಲ್ಲಿ.

ಒಂದು ಬೇಕರಿ ಪಿಜ್ಜಾ ಬಿಚ್ಚಿ ನೋಡೋಣ

ಏಳೆಂಟು ಇಂಚಿನ ಒಂದು ಪಿಜ್ಜಾ ತೆಗೆದುಕೊಳ್ಳಿ. ತಳದ ಬ್ರೆಡ್ಡಿಗೆ ಸುಮಾರು 100 ಗ್ರಾಂ ಮೈದಾ ಹೋಗುತ್ತದೆ. ಅದರಿಂದ 350 ಕ್ಯಾಲೊರಿ. ತುರಿದ ಚೀಸ್ 40 ಗ್ರಾಂ ಹಾಕಿದರೆ 120ರ ಮೇಲೆ. ಮೇಯೊನೇಸ್ ಅಂದ್ರೆ ಬಹುಪಾಲು ಎಣ್ಣೆಯೇ, ಒಂದು ಚಮಚಕ್ಕೆ 70ರಿಂದ 100. ಸಾಸ್, ಬೆಣ್ಣೆ ಸವರಿದ್ದು ಬೇರೆ. ಒಟ್ಟು 600ರ ಆಸುಪಾಸು ಬರುತ್ತದೆ. ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಇದು ಒಂದು ಹೊತ್ತಿನ ಊಟದಷ್ಟು. ಪ್ರೋಟೀನ್ 17-18 ಗ್ರಾಂ ಸಿಗುತ್ತದೆ, ಅದು ಕಡಿಮೆಯೇನಲ್ಲ. ಮೊಮ್ಮಗನ ಮಾತಿಗೆ ಇಲ್ಲಿ ಅಂಕ ಕೊಡಬೇಕು. ನಿಜವಾದ ಚೀಸ್ ಆಗಿದ್ದರೆ ಕ್ಯಾಲ್ಸಿಯಂ ಬರುತ್ತದೆ, ಬಿ12 ಜೀವಸತ್ವವೂ ಬರುತ್ತದೆ. ಬಸವಕಲ್ಯಾಣ, ಹುಮನಾಬಾದ್ ಭಾಗದ ಶಾಕಾಹಾರಿ ಮನೆಗಳಲ್ಲಿ ಬಿ12 ಸಿಗುವುದೇ ಹಾಲು, ಮೊಸರು, ಪನೀರ್, ಚೀಸ್‌ನಿಂದ. ಬೇಯಿಸಿದ ಟೊಮೆಟೊದಲ್ಲಿರುವ ಕೆಂಪು ಬಣ್ಣದ ಲೈಕೋಪೀನ್ ಎಣ್ಣೆ ಜೊತೆ ಸೇರಿದಾಗ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ ಅನ್ನುವುದೂ ನಿಜ.

ಆದರೆ ನಾರಿನಂಶ? ಮೇಲೆ ಉದುರಿಸಿದ ನಾಲ್ಕು ತುಂಡು ಉಳ್ಳಾಗಡ್ಡಿ, ಡೊಣ್ಣಮೆಣಸಿನಕಾಯಿ ಸೇರಿಸಿದರೂ 4 ಗ್ರಾಂ ದಾಟುವುದು ಕಷ್ಟ. ಅದೇ 600 ಕ್ಯಾಲೊರಿಗೆ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ತೊಗರಿಬೇಳೆ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ ಉಂಡರೆ ನಾರು 15 ಗ್ರಾಂ ಮೇಲೆಯೇ ಆಗುತ್ತದೆ. ದಿನಕ್ಕೆ ಬೇಕಾದದ್ದು ಸುಮಾರು 30 ಗ್ರಾಂ. ಅರ್ಧ ಕೆಲಸ ಒಂದೇ ಊಟದಲ್ಲಿ ಮುಗಿದಂತೆ.

ಇನ್ನು ಉಪ್ಪು. ಪಿಜ್ಜಾದಲ್ಲಿ ಉಪ್ಪು ಕಣ್ಣಿಗೆ ಕಾಣಲ್ಲ. ಬ್ರೆಡ್ಡಿನಲ್ಲೂ ಇದೆ, ಚೀಸ್‌ನಲ್ಲೂ ಇದೆ, ಸಾಸ್‌ನಲ್ಲೂ ಇದೆ, ಕೊನೆಗೆ ಮೇಲೆ ಉದುರಿಸುವ ಮಸಾಲೆ ಪುಡಿಯ ಪೊಟ್ಟಣದಲ್ಲೂ ಇದೆ. ಎಲ್ಲ ಕೂಡಿಸಿದರೆ 250 ಗ್ರಾಂ ತೂಗುವ ಒಂದು ಪಿಜ್ಜಾದಲ್ಲಿ 3ರಿಂದ 4 ಗ್ರಾಂ ಉಪ್ಪು ಸುಲಭವಾಗಿ ಆಗುತ್ತದೆ. ದಿನಪೂರ್ತಿಗೆ 5 ಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಹೈದರಾಬಾದ್ ಸಂಸ್ಥೆಯ ಮಾತೂ ಅದೇ. ಹಾಗಂತ ಪಿಜ್ಜಾ ಒಂದರ ಮೇಲೇ ಗೂಬೆ ಕೂಡಿಸುವಂತಿಲ್ಲ. ಉಪ್ಪಿನಕಾಯಿ, ಹಪ್ಪಳ, ಖಾರ, ಹಿಂಡಿ ಇಲ್ಲದೆ ನಮ್ಮ ಊಟ ಇಳಿಯಲ್ಲ. ದೇಶದಲ್ಲಿ ಒಬ್ಬ ವಯಸ್ಕ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾನೆ ಅಂತ ಐಸಿಎಂಆರ್ ತಂಡದ ಅಧ್ಯಯನ 2023ರಲ್ಲಿ ಹೇಳಿತು. ಪಿಜ್ಜಾ ಬರುವ ಮೊದಲೇ ನಾವು ಮಿತಿ ದಾಟಿದ್ದೇವೆ.

ನಿಜವಾದ ಹೊಡೆತ ಹಲವು ಸಲ ಪಿಜ್ಜಾದ್ದೂ ಅಲ್ಲ, ಪಕ್ಕದ ಬಾಟಲಿಯದ್ದು. 250 ಮಿಲಿ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಅಂದರೆ ಐದು ಚಹಾ ಚಮಚದಷ್ಟು. ದಿನಕ್ಕೆ ಮೇಲಿಂದ ಹಾಕಿದ ಸಕ್ಕರೆ 25 ಗ್ರಾಂ ಒಳಗಿರಲಿ ಅಂತ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಒಂದು ಬಾಟಲಿಗೇ ದಿನದ ಲೆಕ್ಕ ಚುಕ್ತಾ. ಬೆಳಗಿನಿಂದ ಕುಡಿದ ನಾಲ್ಕು ಕಪ್ ಚಹಾದ ಸಕ್ಕರೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮಿರ್ಚಿ, ವಡಾಪಾವ್ ಏನು ಕಡಿಮೆನಾ?

ಪಿಜ್ಜಾ ಬೈಯುವವರು ಕೈಯಲ್ಲಿ ಮಿರ್ಚಿ ಭಜಿ ತಟ್ಟೆ ಹಿಡಿದಿರುತ್ತಾರೆ. ಪಿಜ್ಜಾ ಬೇಯುವುದು ಓವನ್‌ನಲ್ಲಿ, ಕರಿಯುವುದಿಲ್ಲ. ಮಿರ್ಚಿ, ಆಲೂ ಭಜಿ, ಸಮೋಸಾ, ವಡಾಪಾವ್, ಗೋಬಿ ಮಂಚೂರಿ ಇವೆಲ್ಲ ಕಾದ ಎಣ್ಣೆಯಲ್ಲಿ ಮುಳುಗಿ ಏಳುವಂಥವು. ವಡಾಪಾವ್‌ನ ಪಾವ್ ಕೂಡ ಮೈದಾವೇ, ಒಳಗಿರುವುದು ಆಲೂ, ಅಂದರೆ ಪಿಷ್ಟದ ಮೇಲೆ ಪಿಷ್ಟ. ಒಂದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸಿದರೆ ಅದರಲ್ಲಿ ಹಾನಿಕರ ಅಂಶಗಳು ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆ ಬಳಸಬಾರದು ಅನ್ನುವ ನಿಯಮ 2018ರ ಜುಲೈನಿಂದ ಇದೆ. ನಮ್ಮ ಗಾಡಿಗಳಲ್ಲಿ ಅದನ್ನು ಅಳೆಯುವವರು ಯಾರು ಅನ್ನುವುದು ಬೇರೆ ಪ್ರಶ್ನೆ.

ಆದ್ದರಿಂದ ತಿಂಗಳಿಗೆ ಒಂದೋ ಎರಡೋ ಸಲ ತರಕಾರಿ ಹೆಚ್ಚಿರುವ ಪಿಜ್ಜಾ ತಿನ್ನುವವನಿಗಿಂತ, ದಿನಾ ಸಂಜೆ ಚಹಾ ಜೊತೆ ಎರಡು ಮಿರ್ಚಿ ತಿನ್ನುವವನ ಆರೋಗ್ಯಕ್ಕೇ ಹೆಚ್ಚು ಪೆಟ್ಟು. ಇಷ್ಟು ಸರಳ ಮಾತನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ ಕಷ್ಟ ಆಗುತ್ತದೆ. ಮಿರ್ಚಿ ನಮ್ಮದು, ಪಿಜ್ಜಾ ಪರದೇಶದ್ದು ಅಲ್ವಾ.

ಯಾರಿಗೆ ಒಗ್ತದೆ, ಯಾರಿಗೆ ಒಗ್ಗಲ್ಲ

ಹೊಲದಲ್ಲಿ ದುಡಿಯುವ, ಕಬ್ಬಿನ ಲಾರಿಗೆ ಹೊರೆ ಹೊರುವ ಇಪ್ಪತ್ತೈದರ ಹುಡುಗನಿಗೆ ಒಂದು ಪಿಜ್ಜಾ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿಯ ಗಲ್ಲೆಯ ಮುಂದೆ ಕೂತಿರುವ ಐವತ್ತರ ವ್ಯಾಪಾರಿಯ ಲೆಕ್ಕ ಬೇರೆ. ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿ ಊಟ ಅಂಗಡಿ ಮುಚ್ಚಿದ ಮೇಲೆ ಹತ್ತಕ್ಕೆ. ನಡುವೆ ಗಿರಾಕಿ ಜೊತೆ ಚಹಾ. ನಡಿಗೆ ಇಲ್ಲ. ಇಂಥವರು ರಾತ್ರಿ ಹತ್ತಕ್ಕೆ ಮಕ್ಕಳು ತರಿಸಿದ ಪಿಜ್ಜಾದಲ್ಲಿ ಅರ್ಧ ತಿಂದು ಮಲಗಿದರೆ ಶುಗರ್ ಏರದೆ ಏನಾಗುತ್ತದೆ? ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಅಂತ 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳುತ್ತದೆ. ಇದು ಬರೀ ಪಟ್ಟಣದ ರೋಗವಾಗಿ ಉಳಿದಿಲ್ಲ. ಶುಗರ್, ಬಿಪಿ ಇರುವವರು ಪಿಜ್ಜಾ ತಿನ್ನಲೇಬೇಕು ಅಂದ್ರೆ ಒಂದೆರಡು ತುಂಡಿಗೆ ನಿಲ್ಲಿಸಿ, ಮೊದಲು ಒಂದು ಬಟ್ಟಲು ಸೌತೆಕಾಯಿ, ಗಜ್ಜರಿ, ಮೊಳಕೆಕಾಳು ತಿಂದಿರಬೇಕು. ನಾರು ಮೊದಲು ಹೊಟ್ಟೆ ಸೇರಿದರೆ ಸಕ್ಕರೆ ನಿಧಾನಕ್ಕೆ ಏರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟದಿರುವುದೇ ವಾಸಿ.

ಮಕ್ಕಳ ವಿಷಯದಲ್ಲಿ ಈ ಭಾಗಕ್ಕೆ ಬೇರೆಯದೇ ಒಂದು ಚಿಂತೆ ಇದೆ. ಬೆಂಗಳೂರಿನ ಪೋಷಕರಿಗೆ ಮಗು ದಪ್ಪ ಆಗುವ ಭಯ. ಬೀದರ್ ಜಿಲ್ಲೆಯಂಥ ಕಡೆ ದಪ್ಪ ಆಗುವ ಮಕ್ಕಳ ಪಕ್ಕದಲ್ಲೇ ರಕ್ತಹೀನತೆಯ ಮಕ್ಕಳಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತ ಕಡಿಮೆ ಇರುವುದು ಕಂಡುಬಂತು. ಅಪೌಷ್ಟಿಕತೆ ನೋಡಿಯೇ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಕೆಲಸವನ್ನು ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಶುರು ಮಾಡಿತು. ಬೀದರ್ ಕೂಡ ಅದರಲ್ಲಿತ್ತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಇಂಥ ಕಡೆ ಪಿಜ್ಜಾದ ನಷ್ಟ ಕೊಬ್ಬಿನ ಲೆಕ್ಕದಲ್ಲಿ ಮಾತ್ರ ಸಿಗಲ್ಲ. ಮಗು ಸಂಜೆ ಮೈದಾ ತಿಂದು ಹೊಟ್ಟೆ ತುಂಬಿಸಿಕೊಂಡರೆ ರಾತ್ರಿ ಬ್ಯಾಳಿ, ಸೊಪ್ಪು ಉಣ್ಣಲ್ಲ. ಆ ಹೊತ್ತಿನ ಕಬ್ಬಿಣಾಂಶ ಹೋಯ್ತು. ಕೂಲಿ ಮಾಡುವ ಮನೆಯಲ್ಲಿ ಮಗು ಹಟ ಮಾಡ್ತು ಅಂತ ಒಂದು ಪಿಜ್ಜಾಕ್ಕೆ ಕೊಟ್ಟ ದುಡ್ಡಿನಲ್ಲಿ ವಾರಪೂರ್ತಿ ದಿನಕ್ಕೊಂದು ಮೊಟ್ಟೆ ಅಥವಾ ಹಿಡಿ ಶೇಂಗಾ ಬರುತ್ತದೆ. ಹಾಗಂತ ಕೂಲಿಕಾರರ ಮಗು ಪಿಜ್ಜಾದ ರುಚಿ ನೋಡಲೇಬಾರದು ಅನ್ನುವುದು ಕ್ರೂರ ಮಾತು. ನೋಡಲಿ. ಅದು ಹಬ್ಬದ ತಿನಿಸಾಗಿರಲಿ, ವಾರದ ವಾಡಿಕೆ ಆಗುವುದು ಬೇಡ. ಹೋಳಿಗೆಯನ್ನು ನಾವು ಹಾಗೇ ಇಟ್ಟುಕೊಂಡಿದ್ದೇವೆ. ಹೋಳಿಗೆಯಲ್ಲೂ ಬೆಲ್ಲ, ತುಪ್ಪ, ಕೆಲವು ಮನೆಗಳಲ್ಲಿ ಮೈದಾ ಎಲ್ಲವೂ ಇದೆ. ಯಾರೂ ಅದನ್ನು ದಿನಾ ತಿನ್ನಲ್ಲ, ಯಾರೂ ಅದನ್ನು ಬೈಯುವುದೂ ಇಲ್ಲ.

ಮನೆಯಲ್ಲಿ ಮಾಡಿದ್ರೆ

ಜೋಳದ ಪಿಜ್ಜಾ ಮಾಡಲು ಹೋಗಿ ಕೈಸುಟ್ಟುಕೊಂಡವರು ಬಹಳ. ಕಾರಣ ಇಷ್ಟೇ: ಗೋಧಿಯಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇದೆ, ಅದು ರಬ್ಬರಿನಂತೆ ಹಿಗ್ಗುತ್ತದೆ. ಈಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟು ಹಿಟ್ಟನ್ನು ಉಬ್ಬಿಸುವುದು ಅದೇ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ರೊಟ್ಟಿ ಹಿಟ್ಟನ್ನು ಕುದಿಯುವ ಎಸರಿನಲ್ಲಿ ನಾದಿ ಪಿಷ್ಟಕ್ಕೆ ಅಂಟು ಬರಿಸುವುದು. ಈಸ್ಟ್ ಹಾಕಿ ಎಷ್ಟು ಹೊತ್ತು ಇಟ್ಟರೂ ಜೋಳದ ಹಿಟ್ಟು ಬ್ರೆಡ್ಡಿನಂತೆ ಉಬ್ಬುವುದಿಲ್ಲ, ಬಿರುಕು ಬಿಡುತ್ತದೆ.

ದಾರಿ ಎರಡಿವೆ. ಮೂರು ಪಾಲು ಗೋಧಿ ಹಿಟ್ಟಿಗೆ ಒಂದು ಪಾಲು ಜೋಳದ ಹಿಟ್ಟು ಬೆರೆಸಿ, ಈಸ್ಟ್ ಹಾಕಿ ಒಂದು ತಾಸು ಮುಚ್ಚಿಟ್ಟರೆ ಸಾಕಷ್ಟು ಮೆದುವಾದ ತಳ ಬರುತ್ತದೆ. ಓವನ್ ಬೇಕಿಲ್ಲ. ದಪ್ಪ ತಳದ ಹಂಚಿನ ಮೇಲೆ ಒಂದು ಬದಿ ಬೇಯಿಸಿ, ತಿರುವಿ ಹಾಕಿ, ಬೆಂದ ಬದಿಯ ಮೇಲೆ ಪಲ್ಯ, ಚೀಸ್ ಹರಡಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಆಯ್ತು. ಇನ್ನೊಂದು ದಾರಿ ಇನ್ನೂ ಸುಲಭ. ಮನೆಯಲ್ಲಿರುವ ಕಟಕ್ ರೊಟ್ಟಿಯನ್ನೇ ತಳ ಮಾಡಿಕೊಳ್ಳುವುದು. ಟೊಮೆಟೊ, ಬೆಳ್ಳುಳ್ಳಿ, ಒಣಖಾರ ಹಾಕಿ ಗಟ್ಟಿಯಾಗಿ ಕುದಿಸಿದ ಗೊಜ್ಜು ಸವರಿ, ಮೇಲೆ ಬೇಯಿಸಿದ ಹೆಸರು ಮೊಳಕೆ, ಸಣ್ಣಗೆ ಹೆಚ್ಚಿದ ಮೆಂತ್ಯ, ಪುಡಿ ಮಾಡಿದ ಪನೀರ್, ಬಾಯಿರುಚಿಗೆ ಸ್ವಲ್ಪ ಚೀಸ್. ಎರಡೇ ನಿಮಿಷ ಹಂಚಿನ ಮೇಲೆ. ಗೊಜ್ಜು ನೀರಾಗಿದ್ದರೆ ರೊಟ್ಟಿ ಮೆತ್ತಗಾಗಿ ಮುರಿಯುತ್ತದೆ, ಅಷ್ಟು ನೋಡಿಕೊಳ್ಳಬೇಕು. ಮೊಳಕೆಕಾಳಿನ ಕಬ್ಬಿಣಾಂಶ ಮೈಗೆ ಹಿಡಿಯಲು ಡೊಣ್ಣಮೆಣಸಿನಕಾಯಿಯ ಸಿ ಜೀವಸತ್ವ ನೆರವಾಗುತ್ತದೆ. ಅದನ್ನು ಇಳಿಸಿದ ಮೇಲೆ ಹಸಿಯಾಗಿಯೇ ಉದುರಿಸಿದರೆ ಒಳ್ಳೆಯದು.

ಎಳ್ಳಮಾಸಿ ಭಜ್ಜಿ ಮಿಕ್ಕಿದ್ದರೆ? ಹತ್ತಾರು ಕಾಳು, ತರಕಾರಿ ಕೂಡಿಸಿ ಮಾಡುವ ನಮ್ಮ ಭಜ್ಜಿಗಿಂತ ಒಳ್ಳೆಯ ಟಾಪಿಂಗ್ ಯಾವ ಕಂಪನಿಯ ಮೆನುವಿನಲ್ಲೂ ಇಲ್ಲ. ಗಟ್ಟಿಯಾಗುವ ತನಕ ಕುದಿಸಿ ಹಚ್ಚಿ ನೋಡಬಹುದು. ಹಿರಿಯರು ಬೈದರೆ ಬೈಯಲಿ.

ಅಂಗಡಿಯವರು ಗಮನಿಸಬೇಕಾದ್ದು

ಪಿಜ್ಜಾ ಮಾರುವುದು ತಪ್ಪಲ್ಲ, ಅದು ಹಲವರ ಹೊಟ್ಟೆಪಾಡು. ಆದರೆ ಕೆಲವು ನಿಯಮಗಳು ಗೊತ್ತಿಲ್ಲದೆ ದಂಡ ಕಟ್ಟುವ ಪ್ರಸಂಗ ಬರಬಾರದು. ಮೊದಲನೆಯದು ಚೀಸ್. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥದ್ದನ್ನು ಸೇರಿಸಿ ಮಾಡಿದ ಅಗ್ಗದ ಪದಾರ್ಥ ಮಾರುಕಟ್ಟೆಯಲ್ಲಿ ಸಿಗುತ್ತದೆ. ನೋಡಲು ಚೀಸ್‌ನಂತೆಯೇ ಇದ್ದು ಕಾಯಿಸಿದರೆ ಎಳೆಯೂ ಬರುತ್ತದೆ. ಪ್ಯಾಕೆಟ್ ಮೇಲೆ 'ಅನಲಾಗ್' ಅಂತ ಬರೆದಿರುತ್ತದೆ. ಅದನ್ನು ತರುವುದು ಅಪರಾಧವಲ್ಲ, ಆದರೆ ಚೀಸ್ ಅಂತ ಹೇಳಿ ಮಾರುವಂತಿಲ್ಲ. ಪನೀರ್‌ಗೂ ಇದೇ ನಿಯಮ. ಬೇಕರಿಯಲ್ಲಿ ಬಳಸುವ ವನಸ್ಪತಿ, ಮಾರ್ಗರಿನ್‌ನಲ್ಲಿ ಟ್ರಾನ್ಸ್ ಕೊಬ್ಬು 2022ರ ಜನವರಿಯಿಂದ ಶೇ 2 ಮೀರಬಾರದು. ಬಿಲ್ ಇಲ್ಲದ ಸಡಿಲ ಡಾಲ್ಡಾ ತರುವವರಿಗೆ ಇದರ ಖಾತರಿ ಯಾರು ಕೊಡುತ್ತಾರೆ?

ಕೃತಕ ಬಣ್ಣದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣದ ಬಾಂಬೆ ಮಿಠಾಯಿಯನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಹಸಿ ಮೊಟ್ಟೆಯಿಂದ ಅಂಗಡಿಯಲ್ಲೇ ಕಡೆದು ಮಾಡುವ ಮೇಯೊನೇಸ್ ಬಿಸಿಲಿಗೆ ಬೇಗ ಕೆಡುತ್ತದೆ. ಪಕ್ಕದ ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ, ಕರೆಂಟ್ ಹೋಗಿ ಫ್ರಿಜ್ ನಿಂತಾಗ, ಅಂಥದ್ದನ್ನು ಇಟ್ಟುಕೊಳ್ಳದಿರುವುದೇ ಲೇಸು.

ಶಾಲೆ ಪಕ್ಕದ ಅಂಗಡಿಯವರಿಗೆ ಇನ್ನೊಂದು ಮಾತು. ಶಾಲಾ ಮಕ್ಕಳ ಆಹಾರದ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಮಾಡಿದ ನಿಯಮದ ಪ್ರಕಾರ, ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೆ ಅಥವಾ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ದೊಡ್ಡ ಕಂಪನಿಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಕ್ಯಾಲೊರಿ ಬರೆಯಲೇಬೇಕು. ಸಣ್ಣ ಬೇಕರಿಗೆ ಆ ಕಡ್ಡಾಯ ಇಲ್ಲ. ಆದರೆ ಗೋಧಿ ಹಿಟ್ಟಿನ ತಳ, ಅರ್ಧ ಸೈಜಿನ ಪಿಜ್ಜಾ, ಕೋಲಾ ಬದಲು ಮಜ್ಜಿಗೆ ಇಟ್ಟು ಬೋರ್ಡ್ ಹಾಕಿದರೆ ಬೇಡ ಅನ್ನುವ ಗಿರಾಕಿ ಯಾರೂ ಇಲ್ಲ. ಮಜ್ಜಿಗೆಯಲ್ಲಿ ಲಾಭ ಕಡಿಮೆ ಅನ್ನುವವರು ಒಂದು ಸಲ ಲೆಕ್ಕ ಹಾಕಲಿ: ಕೋಲಾದಲ್ಲಿ ಅಂಗಡಿಯವನಿಗೆ ಉಳಿಯುವುದು ಕಂಪನಿ ಬಿಟ್ಟ ಕಮಿಷನ್ ಮಾತ್ರ.

ಡಿಸೆಂಬರ್‌ನಲ್ಲಿ ಮಾಣಿಕನಗರದ ದತ್ತ ಜಯಂತಿ, ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಮಂದಿ ಬರುವ ಹೊತ್ತು ಅದು. ತಾತ್ಕಾಲಿಕ ಗಾಡಿ, ಮಳಿಗೆ ಹಾಕುವವರಿಗೂ ಆಹಾರ ಸುರಕ್ಷತಾ ನೋಂದಣಿ ಬೇಕು. ಜಾತ್ರೆಗೆ ವಾರ ಇರುವಾಗ ಓಡಾಡುವ ಬದಲು ಮುಂಚೆಯೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಕೆಲಸ ಸಲೀಸು. ತಿನ್ನುವವರೂ ಗಾಡಿ ಮುಂದೆ ನಿಂತು ಎರಡು ಮಾತು ಕೇಳಬಹುದು: ಚೀಸ್ ಪ್ಯಾಕೆಟ್ ತೋರಿಸ್ರಿ, ಪಿಜ್ಜಾ ಬೇಸ್ ಯಾವತ್ತಿಂದು? ತಳದ ಬ್ರೆಡ್ಡಿಗೆ ಬೂಷ್ಟು ಹಿಡಿದರೆ ಮೇಲೆ ಹಚ್ಚಿದ ಸಾಸ್ ಅದನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಸಾಸ್ ಹಚ್ಚುವ ಮೊದಲೇ ಒಂದು ಸಲ ತಿರುವಿ ನೋಡಬೇಕು.